ಎಡೆಗೊಂದು ಪದಾರ್ಥ

ಕುರ್ಚಿ ಅಷ್ಟು ಭಾರವಾಗಿದ್ದೀತೆಂದು ಯುವರಾಜ್ ಎಣಿಸಿರಲಿಲ್ಲ. ಒಂದೇ ಕೈಯಲ್ಲಿ ಎಳೆಯಲು ಹೋದಾಗ ಅದರ ಕಾಲು ಮರದ ನೆಲಕ್ಕೆ ಉಜ್ಜಿ ಕಿರ್ರೆಂದಿತು. ಪಕ್ಕದ ಮೇಜಿನವರು ಮಾತು ನಿಲ್ಲಿಸಿ ಒಮ್ಮೆ ನೋಡಿ ಮತ್ತೆ ತಮ್ಮ ಮಾತಿಗೆ ತಿರುಗಿದರು. ಯಾರೂ ಏನೂ ಅನ್ನಲಿಲ್ಲ, ಅನ್ನುವಂಥದ್ದೇನೂ ಆಗಿರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು. ಮಧುಗಿರಿಯ ಪದವಿಪೂರ್ವ ಕಾಲೇಜಿನಲ್ಲಿ ವರ್ಷಗಟ್ಟಲೆ ಅರ್ಥಶಾಸ್ತ್ರ ಹೇಳಿಕೊಟ್ಟವನು, ದನಿ ಏರಿಸದೆ ನೂರು ಹುಡುಗರನ್ನು ಸುಮ್ಮನಾಗಿಸಬಲ್ಲವನು, ಹೊಸ ಜಾಗಕ್ಕೆ ಹೋದರೆ ಈಗಲೂ ಮೊದಲು ತಾನು ಮಾಡಿದ ಸದ್ದನ್ನೇ ಕೇಳಿಸಿಕೊಳ್ಳುತ್ತಾನೆ. ಎದುರು ಕೂತ ಗಂಗಾಂಬಿಕಾ ಅದನ್ನು ಗಮನಿಸದವಳಂತೆ ಕೈಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಬಸ್ಸಿನವನು ಕೊರಟಗೆರೆಯಲ್ಲಿ ಬಹಳ ಹೊತ್ತು ನಿಲ್ಲಿಸಿದನೇ ಎಂದು ಕೇಳಿದಳು. ಇಲ್ಲ, ದಾಬಸ್‌ಪೇಟೆ ದಾಟಿದ ಮೇಲೆ ವಾಹನಗಳ ಸಾಲು ಸಿಕ್ಕಿತು ಎಂದು ಇವನು ಹೇಳಿದ. ಇಬ್ಬರಿಗೂ ಈ ಮಾತು ಬೇಕಿರಲಿಲ್ಲ.

ಬೆಂಗಳೂರಿನ ಒಂದು ಮರಗಳ ಬೀದಿಯಲ್ಲಿ, ಹಳೆಯ ಬಂಗಲೆಯ ಕೆಳ ಅಂತಸ್ತಿನಲ್ಲಿದ್ದ ಜರ್ಮನ್ ಹೋಟೆಲು ಅದು. ಗೋಡೆಗೆ ಎದೆಯೆತ್ತರದವರೆಗೆ ಕಂದು ಮರದ ಹಲಗೆ, ಮೇಜಿನ ಮೇಲೆ ಗಂಜಿ ಹಾಕಿದ ಬಿಳಿ ಬಟ್ಟೆ, ಪ್ರತಿ ಮೇಜಿಗೂ ತಲೆಯ ಹತ್ತಿರಕ್ಕೆ ಇಳಿಬಿಟ್ಟ ಹಳದಿ ದೀಪ. ದೀಪದ ಬೆಳಕು ಮೇಜಿನ ಅಂಚಿಗೇ ಮುಗಿಯುತ್ತಿದ್ದುದರಿಂದ ಪ್ರತಿ ಮೇಜೂ ಒಂದೊಂದು ಸಣ್ಣ ಕೋಣೆಯ ಹಾಗಿತ್ತು. ಗಂಗಾಂಬಿಕಾ ಕೆಲಸ ಮಾಡುವುದು ಯಂತ್ರಗಳ ಬಿಡಿಭಾಗ ತಯಾರಿಸುವ ಜರ್ಮನ್ ಕಂಪನಿಯೊಂದರ ಪೀಣ್ಯದ ಕಚೇರಿಯಲ್ಲಿ. ಜರ್ಮನಿಯಿಂದ ಅತಿಥಿಗಳು ಬಂದಾಗ ಊಟಕ್ಕೆ ಕರೆತರುತ್ತಿದ್ದುದು ಇಲ್ಲಿಗೆ. ಅವಳಿಗೆ ಜಾಗ ಗೊತ್ತಾದದ್ದು ಹಾಗೆ. ಮಧುಗಿರಿಯಲ್ಲಿ ಯುವರಾಜ್ ಬಾಡಿಗೆಗಿರುವ ಮನೆಯ ಮಾಲೀಕ ನಾಗಲಿಂಗಯ್ಯನವರ ಮಗಳು ಅವಳು. ಅವನ ಹೆಂಡತಿ ರಾಧಾಮಣಿಯನ್ನು ಅಕ್ಕ ಎನ್ನುತ್ತಿದ್ದಳು, ರಾಧಾಮಣಿ ಹೋದ ಮೇಲೆ ಭಾನುವಾರಗಳಂದು ತಪ್ಪದೆ ಇವನಿಗೆ ಫೋನು ಮಾಡುತ್ತಿದ್ದಳು. ಊಟ ಆಯಿತೇ, ಏನು ಮಾಡಿಕೊಂಡಿರಿ, ಬಟ್ಟೆಗೆ ಯಾರಾದರೂ ಸಿಕ್ಕರೇ. ಉತ್ತರ ಕೊಡುತ್ತ ಕೊಡುತ್ತ, ತನಗೆ ಈಗ ಸ್ನೇಹಿತೆ ಎಂದು ಹೇಳಿಕೊಳ್ಳಲು ಉಳಿದಿರುವುದು ಹೆಂಡತಿಯ ಗೆಳತಿಯೊಬ್ಬಳೇ ಎಂದು ಅವನಿಗೆ ಗೊತ್ತಾಗಿತ್ತು.

ನಾಳೆ ಮಹಾಲಯ ಅಮಾವಾಸ್ಯೆ. ರಾಧಾಮಣಿ ತೀರಿಕೊಂಡು ವರ್ಷ ತುಂಬಿದ ಮೇಲಿನ ಮೊದಲ ಹಿರಿಯರ ಹಬ್ಬ. ಪಾವಗಡದ ಹತ್ತಿರದ ತನ್ನೂರು ವಳ್ಳೂರಿನಲ್ಲಿ ತಮ್ಮನ ಸಂಸಾರದ ಜೊತೆಗಿರುವ ತಾಯಿ ದಾಸಮ್ಮ ಎಡೆ ಇಡುತ್ತಾಳೆ. ಸತ್ತವರಿಗೆ ಬಾಳೆಯೆಲೆ ಹಾಸಿ, ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನು ಬಡಿಸಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುವುದು. ಒಳಗೆ ಬಂದು ಉಣ್ಣುವವರಿಗೆ ಸಂಕೋಚವಾಗಬಾರದು. ಅಪ್ಪ ಚಿಕ್ಕನರಸಯ್ಯನ ಎಲೆಗೆ ಮುದ್ದೆ, ಹುರುಳಿಕಾಳಿನ ಸಾರು, ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ. ತುಮಕೂರಿನಲ್ಲಿ ಗೆಳೆಯರೊಂದಿಗೆ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ವರ್ಷ ಇವನು ಇದೆಲ್ಲ ಬೇಡವೆಂದಿದ್ದ. ಅವರು ಬಂದು ತಿನ್ನುವುದಿಲ್ಲಮ್ಮ ಎಂದಿದ್ದ. ತಿನ್ನಲ್ಲ ಅಂತ ನಂಗೂ ಗೊತ್ತು, ನಾವು ಮರ್ತಿಲ್ಲ ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ ಎಂದು ದಾಸಮ್ಮ ಅಂದಿದ್ದಳು. ಅಲ್ಲಿಂದೀಚೆಗೆ ಅವನು ವಾದ ಮಾಡಿರಲಿಲ್ಲ. ಹಬ್ಬಕ್ಕೆ ಹೋಗಿಯೂ ಇರಲಿಲ್ಲ. ಈ ಸಲ ಅವಳು ಫೋನು ಮಾಡಿ, ಮಿಕ್ಕಿದ್ದೆಲ್ಲ ಮನೆಯಲ್ಲಾಗುತ್ತದೆ, ಒಂದು ಪದಾರ್ಥ ಮಾತ್ರ ಗಂಡನ ಕೈಯಿಂದ ಬರಬೇಕು, ಅವಳಿಗೆ ಜೀವವಾಗಿದ್ದಂಥದ್ದು, ಎಂದಳು. ಇವನು ತಡಮಾಡದೆ ಹೋಳಿಗೆ ಎಂದ.

"ಅದು ನಿಂಗಿಷ್ಟ ನಾಯ್ನಾ. ಆಯಮ್ಮ ನಿನ್ ಸಲುವಾಗಿ ಮಾಡೋಳು."

ಹಾಗಾದರೆ ಏನೆಂದು ಕೇಳಿದ. ಅದನ್ನು ನಾನು ಹೇಳಂಗಿಲ್ಲ, ನೀನೇ ತರಬೇಕು ಎಂದು ಅವಳು ಫೋನು ಇಟ್ಟಳು. ಆಮೇಲೆ ಅವನು ಅಡುಗೆಮನೆಗೆ ಹೋಗಿ ನಿಂತ. ಡಬ್ಬಿಗಳನ್ನು ಒಂದೊಂದಾಗಿ ನೋಡಿದ. ಅವಲಕ್ಕಿ, ಹುರಿಗಡಲೆ, ಬೆಲ್ಲ. ಹದಿನಾಲ್ಕು ವರ್ಷ ಎದುರುಬದುರು ಕೂತು ಉಂಡ ಹೆಂಗಸು ಯಾವುದನ್ನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಕಣ್ಣಮುಂದೆ ಬಂದದ್ದು ಅವಳ ಕೈಯ ಸೌಟು ಇವನ ತಟ್ಟೆಯ ಮೇಲೆ ಬಾಗುವುದೊಂದೇ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ನರ್ಸಿನ ಬಿಳಿ ಕೋಟನ್ನು ಬಾಗಿಲ ಹಿಂದೆ ತೂಗುಹಾಕಿ, ಅವಳು ಒಲೆ ಹಚ್ಚುತ್ತಿದ್ದಳು. ಅವಳ ತಟ್ಟೆಯಲ್ಲಿ ಏನಿರುತ್ತಿತ್ತು? ಕೊನೆಗೆ ನಾಚಿಕೆ ಬಿಟ್ಟು ಗಂಗಾಂಬಿಕಾಳನ್ನು ಕೇಳಿದ್ದ. ಫೋನಿನಲ್ಲಿ ಬೇಡಣ್ಣ, ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಬನ್ನಿ, ನಮ್ಮ ಮನೆಯಲ್ಲೇ ಉಳಿದು ಬೆಳಗಿನ ಬಸ್ಸಿಗೆ ಊರಿಗೆ ಹೋಗುವಿರಂತೆ ಎಂದು ಅವಳು ಹೇಳಿದ್ದಳು.

ಬಡಿಸುವವನು ಬಂದು ಇಬ್ಬರ ಮುಂದೂ ಚರ್ಮದ ಹೊದಿಕೆಯ ದೊಡ್ಡ ಮೆನು ಪಟ್ಟಿ ಇಟ್ಟ. ನಡುವಯಸ್ಸಿನ, ಕಪ್ಪು ಅಂಗಿಯ ಮನುಷ್ಯ. ಗಂಗಾಂಬಿಕಾಳನ್ನು ಗುರುತು ಹಿಡಿದು ನಕ್ಕು, ಇವನ ಕಡೆ ಒಮ್ಮೆ ನೋಡಿ, ಏನನ್ನೋ ಕೇಳಲು ಹೊರಟವನು ಕೇಳದೆ ಹಿಂದೆ ಸರಿದ. ರಾಧಾ ಇಲ್ಲಿಗೆ ಬರುತ್ತಿದ್ದಳೇ ಎಂದು ಯುವರಾಜ್ ಕೇಳಿದ. ತರಬೇತಿಗೆಂದು ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದಾಗಲೆಲ್ಲ ಬರುತ್ತಿದ್ದರು ಎಂದು ಗಂಗಾಂಬಿಕಾ ಹೇಳಿದಳು. ಅವಳು ಪಟ್ಟಿಯನ್ನು ತೆರೆದು, ಒಂದು ಪುಟ ತಿರುವಿ, ಒಂದು ಸಾಲಿನ ಕೆಳಗೆ ಬೆರಳಿಟ್ಟು, ಅದನ್ನು ಇವನ ಕಡೆಗೆ ತಿರುಗಿಸಿದಳು. ಓದಲು ಬಾರದ ಒಂದು ಉದ್ದನೆಯ ಜರ್ಮನ್ ಹೆಸರು. ಅದರ ಕೆಳಗೆ ಸಣ್ಣಕ್ಷರದ ಇಂಗ್ಲಿಷಿನಲ್ಲಿ ವಿವರ: ಹಂದಿಯ ಮೊಣಕಾಲಿನ ತುಂಡು, ಮೂಳೆಸಹಿತ, ನಿಧಾನ ಉರಿಯಲ್ಲಿ ಬೇಯಿಸಿ ಚರ್ಮ ಗರಿಗರಿಯಾಗುವಂತೆ ಸುಟ್ಟದ್ದು, ಜೊತೆಗೆ ಹುಳಿ ಬರಿಸಿದ ಎಲೆಕೋಸು, ಆಲೂಗಡ್ಡೆಯ ಉಂಡೆ.

ಅವನು ಮೊದಲು ಮಾಡಿದ ಕೆಲಸವೆಂದರೆ ಸುತ್ತ ನೋಡಿದ್ದು. ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂದು. ನೋಡಿದ ಮೇಲೆ, ತಾನು ನೋಡಿದ್ದು ಗಂಗಾಂಬಿಕಾಗೆ ಕಂಡಿತೆಂದು ತಿಳಿಯಿತು.

"ಹಂದಿನಾ?" ಎಂದ, ತುಟಿಯಲ್ಲೇ.

"ಹೂಂ."

ಆ ಪದವನ್ನು ಬಾಯಿಂದ ಆಡಿ ಎಷ್ಟು ಕಾಲವಾಗಿತ್ತೋ. ವಳ್ಳೂರಿನಲ್ಲಿ ಸೌರ ಫಲಕಗಳು ಬರುವ ಮುಂಚೆ, ಹೊಲಗಳಿನ್ನೂ ಹೊಲಗಳಾಗಿದ್ದಾಗ, ಕೇರಿಯವರು ಸೇರಿ ಒಂದು ಪ್ರಾಣಿ ಕೊಯ್ದು, ತೆಂಗಿನ ಗರಿಯ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಿದ್ದರು. ಅಪ್ಪ ಇವನನ್ನು ತಟ್ಟೆ ಕೊಟ್ಟು ಕಳಿಸುತ್ತಿದ್ದ. ಚರ್ಮದ ತುಂಡು ಹೆಚ್ಚಿರುವ ಗುಡ್ಡೆ ನೋಡ್ಕೊಂಡು ನಿಂತ್ಕಳ್ಲಾ ಎನ್ನುತ್ತಿದ್ದ. ರಾಧಾಮಣಿಯ ತವರು ಸಿರಾದ ಕಡೆ, ಪಟ್ಟನಾಯಕನಹಳ್ಳಿಯ ಹತ್ತಿರ. ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಹೋದಾಗ ಅವಳೇ ಮಾಡಿ ಬಡಿಸಿದ್ದಳು. ಮೆಂತ್ಯದ ಸೊಪ್ಪು, ಹುರಿದು ರುಬ್ಬಿದ ಖಾರ, ಎಣ್ಣೆ ಮೇಲೆ ತೇಲುವಂತೆ. ತಿಂದು, ಕೈ ತೊಳೆದ ಮೇಲೂ ಬೆರಳು ಮೂಸಿ ಅವನು ನಕ್ಕಿದ್ದು, ಅವಳು ಬಾಗಿಲಲ್ಲಿ ನಿಂತು ನೋಡಿದ್ದು. ಅದಾದ ಮೂರನೇ ವರ್ಷ ಮಧುಗಿರಿಗೆ ವರ್ಗವಾಯಿತು, ನಾಗಲಿಂಗಯ್ಯನವರ ಮನೆ ನೋಡಲು ಹೋದರು. ಮೇಲೆ ಅವರು, ಕೆಳಗೆ ಬಾಡಿಗೆಗೆ ಎರಡು ಕೋಣೆ, ಒಂದು ನಡುಮನೆ, ಬೆಟ್ಟ ಕಾಣುವ ಕಿಟಕಿ. ನಾಗಲಿಂಗಯ್ಯನವರು ಹಣೆಯ ವಿಭೂತಿ ಒಣಗುತ್ತಿದ್ದ ಹಾಗೆಯೇ ಕೆಳಗಿಳಿದು ಬಂದು ಕೇಳಿದ್ದು ಒಂದೇ ಪ್ರಶ್ನೆ: ನಲ್ಲಿಯಲ್ಲಿ ನೀರು ದಿನವೂ ಬರೋದಿಲ್ಲ, ಸಂಭಾಳಿಸ್ಕೋತೀರಾ? ಸಂಭಾಳಿಸಿಕೊಳ್ಳುತ್ತೇವೆ ಎಂದ ಯುವರಾಜ್, ಯಾರೂ ಕೇಳದೆ, ಅದೇ ಉಸಿರಿನಲ್ಲಿ ಹೇಳಿದ್ದ: "ನಾವು ಬೌದ್ಧರು ಸಾರ್. ಮಾಂಸ ಮುಟ್ಟೋದಿಲ್ಲ." ಪಕ್ಕದಲ್ಲಿ ನಿಂತಿದ್ದ ರಾಧಾಮಣಿ ನಲ್ಲಿಯನ್ನೇ ನೋಡುತ್ತಿದ್ದಳು.

ಹಾಗೆ ಶುರುವಾದದ್ದು. ಬುದ್ಧನ ಮೂರ್ತಿ ನಡುಮನೆಯಲ್ಲಿತ್ತು, ಯಾರು ಬಂದರೂ ಚೆನ್ನಾಗಿದೆ ಎನ್ನುತ್ತಿದ್ದರು. ಬಾಬಾಸಾಹೇಬರ ಪಟ ಮಲಗುವ ಕೋಣೆಯಲ್ಲಿತ್ತು. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಅವನು ಹೇಳಿದ್ದ, ಅವಳು ಮೊಳೆ ಹಿಡಿದುಕೊಂಡಿದ್ದಳು. ಮೊದಲ ಸಂಕ್ರಾಂತಿಗೆ ನಾಗಲಿಂಗಯ್ಯನವರು ಎಳ್ಳು ಕೊಡಲು ಬಂದು, ಈ ಕಾಲದಲ್ಲಿ ಬಾಡಿಗೆಗೆ ಕೊಡೋದೇ ಭಯ, ನೀವು ಬಿಡಿ ಮೇಷ್ಟ್ರೇ, ನಮ್ಮಂಗೇ ಎಂದಿದ್ದರು. ಆ ಮಾತನ್ನು ಅವನು ಮಿಠಾಯಿ ಪೊಟ್ಟಣದ ಹಾಗೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ರಾಧಾಮಣಿಗೆ ಹೇಳಿದ. ಅವಳು ಸಾರು ತಿರುವುತ್ತಿದ್ದಳು. ಕೇಳಿ, ಒಲೆ ಆರಿಸಿ, ಸಾರು ಆಯಿತು ಎಂದಳು. ಅದೇ ಬೇಸಿಗೆಯಲ್ಲಿ ದಾಸಮ್ಮ ಬಂದದ್ದು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಚೀಲದಿಂದ ಸೊಸೆಗೆಂದು ತಂದ ಒಣಬಾಡಿನ ಗಂಟನ್ನು ತೆಗೆದು ತೋರಿಸಿದಳು, ಉಪ್ಪು ಅರಿಶಿನ ಹಚ್ಚಿ ಬಿಸಿಲಿಗೆ ಒಣಗಿಸಿದ ಮಾಂಸ. ಅವನು ಅದನ್ನು ಕೈಗೆ ತೆಗೆದುಕೊಂಡ. ತಾಯಿಯನ್ನು ಆಟೋದಲ್ಲಿ ಕೂರಿಸಿ, ಮಾತ್ರೆ ತರುತ್ತೇನೆಂದು ಹೇಳಿ, ಗಂಟನ್ನು ಔಷಧದ ಅಂಗಡಿಯ ಹಿಂದಿನ ತಿಪ್ಪೆಗೆ ಹಾಕಿ, ಮಾತ್ರೆಯ ಹಾಳೆಯೊಂದನ್ನು ಕೊಂಡು ಬಂದ. ಆಟೋದಲ್ಲಿ ದಾಸಮ್ಮ ಗಂಟಿನ ವಿಷಯ ಎತ್ತಲಿಲ್ಲ. ಮುಂದಿನ ಸಲ ಬಂದಾಗ ಅವಳ ಚೀಲದಲ್ಲಿ ಹುಣಸೆಹಣ್ಣು ಮಾತ್ರವಿತ್ತು. ರಾಧಾಮಣಿ ಆ ಹಣ್ಣನ್ನು ಬಿಡಿಸುತ್ತ, ಅತ್ತೆ, ಬೇರೆ ಏನೂ ತರಲಿಲ್ವಾ ಎಂದು ಕೇಳಿದ್ದಳು. ಅವಳು ಕೇಳಿದ್ದು ಅತ್ತೆಯನ್ನು, ನೋಡಿದ್ದು ಇವನನ್ನು.

ಬಡಿಸುವವನು ಮತ್ತೆ ಬಂದಿದ್ದ. ಗಂಗಾಂಬಿಕಾ ತನಗೆ ಆಲೂಗಡ್ಡೆಯ ಉಂಡೆ ಮತ್ತು ಅಣಬೆಯ ಗೊಜ್ಜು ಹೇಳಿ, ಇವನಿಗೂ ಅದನ್ನೇ ಹೇಳಿ, ಆ ಸಾಲಿನ ಮೇಲೆ ಬೆರಳಿಟ್ಟು ಇದೊಂದು ಪಾರ್ಸೆಲ್ ಎಂದಳು. ಇವತ್ತು ಒಂದೇ ಉಳಿದಿದೆ ಮೇಡಂ, ಇದು ಬೆಳಿಗ್ಗೆಯಿಂದ ಒಲೆಯಲ್ಲಿರಬೇಕು, ಮತ್ತೆ ಮಾಡಲಾಗುವುದಿಲ್ಲ ಎಂದ ಅವನು. ಒಂದೇ ಸಾಕು. ಬಿಸಿಯಲ್ಲೇ ಮುಚ್ಚಿದರೆ ಚರ್ಮ ಮೆತ್ತಗಾಗುತ್ತದೆ, ಸ್ವಲ್ಪ ಹೊತ್ತು ಮೇಜಿನ ಮೇಲೆ ಆರಲಿ, ಆಮೇಲೆ ಕಟ್ಟಿಕೊಡುತ್ತೇನೆ ಎಂದ. ಸರಿ ಎಂದಳು. ಆಮೇಲೆ ಯುವರಾಜನ ಕಡೆ ತಿರುಗಿ, ರಾತ್ರಿ ನಮ್ಮ ಫ್ರಿಡ್ಜಿನಲ್ಲಿಡೋಣ, ಬಸವೇಶ್ ಏನೂ ಅನ್ನಲ್ಲ ಎಂದಳು. ಬಸವೇಶ್ ಅವಳ ಗಂಡ. ಅವನ ಪಾಡಿಗೆ ಅವನು ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಕುಡಿಯುವವನಲ್ಲ. ಅನ್ನುವುದಿಲ್ಲ ಎಂದು ಅವಳು ಇಷ್ಟು ಬೇಗ ಹೇಳಿದ್ದನ್ನು ನೋಡಿದರೆ ಇದರ ಬಗ್ಗೆ ಮನೆಯಲ್ಲಿ ಮಾತು ಆಗಿರಬೇಕು, ಸುಲಭದ ಮಾತಾಗಿರಲಿಕ್ಕಿಲ್ಲ ಎಂದು ಯುವರಾಜನಿಗೆ ಅನ್ನಿಸಿತು.

ರಾಧಾಮಣಿ ಮೊದಲ ಸಲ ಇಲ್ಲಿಗೆ ಬಂದದ್ದನ್ನು ಗಂಗಾಂಬಿಕಾ ಹೇಳತೊಡಗಿದಳು. ಆಸ್ಪತ್ರೆಯ ತರಬೇತಿ ಮುಗಿಸಿ ಬಂದವಳನ್ನು ಎಲ್ಲಾದರೂ ಒಳ್ಳೆಯ ಕಡೆ ಕರೆದೊಯ್ಯಬೇಕೆಂದು ಕರೆತಂದದ್ದಷ್ಟೆ. ರಾಧಾಮಣಿ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಆ ಪುಟಕ್ಕೆ ಬಂದು ನಿಂತಳಂತೆ. ಗಂಗಾ, ಇಲ್ಲಿ ಇದನ್ನ ತಿಂದ್ರೆ ಯಾರೂ ಏನೂ ಅನ್ಕೊಳಲ್ವಾ ಎಂದು ಕೇಳಿದಳಂತೆ. ಅನ್ಕೊಳ್ಳೋರು ಯಾರೂ ಇಲ್ಲಕ್ಕ, ಇಲ್ಲಿಗೆ ಬರೋರೆಲ್ಲ ಇದಕ್ಕೇ ಬರೋದು ಎಂದಿದ್ದಳು ಇವಳು. ತಟ್ಟೆ ಬಂದಾಗ ತನಗೆ ವಾಸನೆ ತಡೆಯಲಾಗದೆ ಮುಖ ಒಂದಿಷ್ಟು ಆ ಕಡೆ ಹೋಯಿತು. ಒಂದು ಕ್ಷಣ, ಅಷ್ಟೆ. ರಾಧಕ್ಕ ತಟ್ಟೆಯನ್ನು ಎತ್ತಿ ಎಡಗಡೆಗೆ, ಗೋಡೆಯ ಪಕ್ಕಕ್ಕೆ ಇಟ್ಟುಕೊಂಡರು. ಆಮೇಲೆ ಯಾವಾಗ ಬಂದರೂ ಗೋಡೆಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು, ತಟ್ಟೆ ಎಡಗಡೆಯೇ. ನಾನು ಎಷ್ಟೋ ಸಲ ಹೇಳಿದೆ ಅಣ್ಣ, ಮಧ್ಯದಲ್ಲಿಡಿ ಅಂತ. ಇಡಲಿಲ್ಲ. ಹೇಳುತ್ತ ಅವಳು ಮೇಜುಬಟ್ಟೆಯ ಮಡಿಕೆಯನ್ನು ಉಗುರಿನಿಂದ ಸರಿಮಾಡುತ್ತಿದ್ದಳು.

ರಾಧಾಗೆ ಇದು ಅಷ್ಟು ಇಷ್ಟವಾಗಿತ್ತೇ ಎಂದು ಅವನು ಕೇಳಿದ. ಗಂಗಾಂಬಿಕಾ ಮೊದಲ ಬಾರಿಗೆ ನಕ್ಕಳು. ಖಾರ ಇಲ್ಲ ಕಣೇ, ಸೊಪ್ಪು ಇಲ್ಲ, ಎಲೆಕೋಸು ಹಳಸಿದ ಹಾಗಿದೆ ಎಂದು ಪ್ರತಿ ಸಲವೂ ಬೈದುಕೊಂಡೇ ತಿನ್ನುತ್ತಿದ್ದರು. ಒಳಗಿನಿಂದ ಹಸಿಮೆಣಸಿನಕಾಯಿ ತರಿಸಿ ಕಚ್ಚಿಕೊಳ್ಳುತ್ತಿದ್ದರು. ಒಂದು ದಿನ ನಿನಗೆ ನಮ್ಮ ಥರ ಮಾಡಿ ತೋರಿಸ್ತೀನಿ, ನೀನು ತಿನ್ನಬೇಡ, ನೋಡು, ಅಷ್ಟು ಸಾಕು ಎನ್ನುತ್ತಿದ್ದರು ಎಂದಳು. ಎಲ್ಲಿ ಮಾಡಿ ತೋರಿಸುವುದೆಂದು ಇಬ್ಬರೂ ಮಾತಾಡಿರಲಿಲ್ಲ.

ಯುವರಾಜನಿಗೆ ನಡುವೆ ತಡೆದು ಏನೋ ಕೇಳಬೇಕಿತ್ತು. ಕೇಳಿದ್ದು ಬೇರೆ.

"ನಿಮ್ಮಪ್ಪನಿಗೆ ಗೊತ್ತಿತ್ತಾ? ನಾವು ಯಾರು ಅಂತ?"

"ನೀವು ಮನೆ ನೋಡ್ಕೊಂಡು ಹೋದ ವಾರದಲ್ಲೇ ಗೊತ್ತಿತ್ತಣ್ಣ. ಪಾವಗಡದಲ್ಲಿ ನಮ್ಮ ನೆಂಟರ ಅಂಗಡಿ ಇದೆ. ವಿಚಾರಿಸಿದ್ರು."

"ಗೊತ್ತಿದ್ದೂ ಕೊಟ್ರಾ?"

"ಮೇಷ್ಟ್ರು ತಾವೇ ತಿನ್ನಲ್ಲ ಅಂದ್ಬಿಟ್ಟಿದ್ದಾರೆ, ನಾವು ಕೇಳೋ ಕಷ್ಟ ತಪ್ತು ಅಂದ್ರು."

ಅವನು ನೀರಿನ ಲೋಟ ಎತ್ತಿ, ಕುಡಿಯದೆ ಇಟ್ಟ. ಇಷ್ಟು ವರ್ಷ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಮೈ ಬಿಗಿಮಾಡಿಕೊಂಡದ್ದು, ಕಾಲೇಜಿನ ಜವಾನ ಊರಿನ ಕಡೆಯವನೆಂದು ಅವನನ್ನು ಮನೆಗೆ ಕರೆಯದೆ ಇದ್ದದ್ದು, ತಾಯಿ ನಡುಮನೆಯಲ್ಲಿ ಕೂತು ಜೋರಾಗಿ ಮಾತಾಡಿದರೆ ಫ್ಯಾನಿನ ವೇಗ ಹೆಚ್ಚಿಸಿದ್ದು, ಎಲ್ಲವನ್ನೂ ಮೇಲಿನ ಮನೆಯವರು ಮೇಲಿನಿಂದಲೇ ನೋಡುತ್ತಿದ್ದರು. ನಮ್ಮಂಗೇ ಎಂದದ್ದು ಗೊತ್ತಿದ್ದೇ ಅಂದದ್ದು.

"ನಾನು ಹಾಗೆ ಹೇಳದೇ ಇದ್ದಿದ್ರೆ ಕೊಡ್ತಿದ್ರಾ?"

ಗಂಗಾಂಬಿಕಾ ತಂದೆಯ ಪರವಾಗಿ ಒಂದು ಸುಳ್ಳು ಹೇಳಬಹುದಿತ್ತು. ಹೇಳುತ್ತಾಳೆ ಎಂದು ಅವನು ಕಾದ.

"ಇಲ್ಲ ಅನ್ಸುತ್ತೆ. ಕೊಡ್ತಿರಲಿಲ್ಲ" ಎಂದಳು. "ಆದ್ರೆ ಬೇರೆ ಮನೆ ಸಿಗ್ತಿತ್ತಣ್ಣ. ರಾಧಕ್ಕ ಒಂದು ಮನೆ ನೋಡಿಟ್ಟಿದ್ರಂತೆ, ಆಸ್ಪತ್ರೆ ಹಿಂದಿನ ಬೀದಿಲಿ."

ನೋಡಿಟ್ಟಿದ್ದಳು, ನಿಜ. ಆಸ್ಪತ್ರೆಯ ಹಿಂದಿನ ಬೀದಿ, ಸಾಲಾಗಿ ಸಣ್ಣ ಮನೆಗಳು, ಬಾಗಿಲಲ್ಲಿ ಕೋಳಿ. ಮನೆಯೊಡತಿ ಸರಸಮ್ಮ ಎಂಬ ಮುದುಕಿ, ಅಡ್ವಾನ್ಸು ಬೇಡ, ನರ್ಸಮ್ಮ ಅಲ್ವಾ, ನನ್ನ ಬಿಪಿ ನೋಡ್ಕೊಂಡ್ರೆ ಸಾಕು ಎಂದಿದ್ದಳಂತೆ. ಅಲ್ಲಿ ಇರುವವರೆಲ್ಲ ನಮ್ಮವರೇ ಎಂದು ರಾಧಾಮಣಿ ಸಂತೋಷದಿಂದ ಹೇಳಿದ್ದೇ ಅವನಿಗೆ ಬೇಡವಾಗಲು ಕಾರಣವಾಗಿತ್ತು. ಅದಕ್ಕೇನಾ ಓದಿದ್ದು ಎಂದಿದ್ದ. ಅವಳೂ ಓದಿದವಳು. ಮರುದಿನ ಬೆಳಿಗ್ಗೆ ನಾಗಲಿಂಗಯ್ಯನವರ ಮನೆಯ ಬೀಗದ ಕೈಯನ್ನು ಅವಳೇ ಹೋಗಿ ಇಸಿದುಕೊಂಡು ಬಂದಳು.

ಆಗ ತಟ್ಟೆ ಬಂತು. ಕಪ್ಪು ಬಾಣಲೆಯಂಥದ್ದರ ಮೇಲೆ, ಮೂಳೆ ಮೇಲಕ್ಕೆ ನಿಂತ, ಮಕ್ಕಳ ತಲೆಯಷ್ಟು ದೊಡ್ಡ ತುಂಡು. ಚರ್ಮ ಹೊಂಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಗುಳ್ಳೆಯೆದ್ದು ಬಿರಿದಿತ್ತು, ಬಿರುಕಿನಿಂದ ಕೊಬ್ಬು ಸಣ್ಣಗೆ ಸಿಡಿಯುತ್ತಿತ್ತು. ಬಡಿಸುವವನು ಅದನ್ನು ಮೇಜಿನ ನಡುವೆ ಇಟ್ಟು, ಪಕ್ಕದಲ್ಲಿ ಖಾಲಿ ಡಬ್ಬಿ ಇಟ್ಟು, ಆರಲಿ, ಬರುತ್ತೇನೆ ಎಂದು ಹೋದ. ಗಂಗಾಂಬಿಕಾ ಮುಖ ತಿರುಗಿಸಲಿಲ್ಲ. ಬೇಕೆಂದೇ ನೆಟ್ಟಗೆ ಕೂತಿದ್ದಳು. ಅವರ ತಟ್ಟೆಗಳೂ ಬಂದಿದ್ದವು, ಬಿಳಿಯ ಉಂಡೆಗಳು ಕಂದು ಗೊಜ್ಜಿನಲ್ಲಿ ತಣ್ಣಗಾಗುತ್ತಿದ್ದವು. ಎಡೆಗೆ ಇಡುವುದನ್ನು ಮೊದಲೇ ಯಾರೂ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಉಪ್ಪು ನೋಡದೆಯೇ ದಾಸಮ್ಮ ಅಮಾವಾಸ್ಯೆಯ ಅಡುಗೆ ಇಳಿಸುತ್ತಾಳೆ. ಸತ್ತವರಿಗಿಂತ ಮುಂಚೆ ನಾಲಿಗೆ ಮುಟ್ಟಿದರೆ ಅದು ಎಂಜಲು. ಅವನು ಉಸಿರನ್ನು ಸ್ವಲ್ಪ ಹಿಡಿದೇ ಕೂತ. ಆದರೆ ವಾಸನೆಗೆ ಯಾವ ನಿಯಮವೂ ಇರಲಿಲ್ಲ, ಅದು ಬಂತು. ತೆಂಗಿನ ಗರಿ, ಗುಡ್ಡೆಗಳು, ಅಪ್ಪನ ದನಿ, ಪಟ್ಟನಾಯಕನಹಳ್ಳಿಯ ಹತ್ತಿರದ ಆ ಅಡುಗೆಮನೆಯ ಬಾಗಿಲು.

"ಇನ್ನೊಂದು ಹೇಳ್ಬೇಕು" ಎಂದಳು ಗಂಗಾಂಬಿಕಾ. "ಹೇಳ್ಬಾರ್ದು ಅಂತಿದ್ದೆ. ಇವತ್ತು ಹೇಳ್ದೆ ಇದ್ರೆ ಆಮೇಲೆ ಹೇಳೋಕಾಗಲ್ಲ."

"ಹೇಳಮ್ಮ."

"ಪ್ರತಿ ಸಲ ಅರ್ಧ ತಿಂದು ಅರ್ಧ ಕಟ್ಟಿಸ್ಕೊಳೋರು. ನಿಮಗೆ ಅಂತ. ಅವರಿಗೂ ಇಷ್ಟ ಕಣೇ, ಬಾಯಿಬಿಟ್ಟು ಹೇಳಲ್ಲ ಅಷ್ಟೆ ಅನ್ನೋರು. ನಾನೇ ಮೆಜೆಸ್ಟಿಕ್‌ಗೆ ಬಿಡೋಕೆ ಹೋಗ್ತಿದ್ದೆ. ಬಸ್ಸು ಹತ್ತೋ ಹೊತ್ತಿಗೆ ಡಬ್ಬಿ ನನ್ನ ಕೈಗೆ ಕೊಟ್ಬಿಡೋರು, ಯಾರಿಗಾದ್ರೂ ಕೊಟ್ಬಿಡು ಅಂತ."

ಯಾಕೆಂದು ಅವಳೇ ಹೇಳಿದಳು.

"ನಾನು ಒಂದ್ಸಲ ಬೈದೆ. ನಮ್ಮಪ್ಪಂಗೆ ಹೆದರ್ಕೋಬೇಡಿ, ನಾನು ಮಾತಾಡ್ತೀನಿ ಅಂದೆ. ನಿಮ್ಮಪ್ಪಂಗಲ್ಲ ಕಣೇ, ಅವರು ಹೆದರ್ತಾರೆ, ಡಬ್ಬಿ ನೋಡಿದ್ರೆ ಮುಖ ಹೆಂಗಾಗುತ್ತೆ ಅಂತ ನಂಗೊತ್ತು, ಆ ಮುಖ ನೋಡೋಕೆ ನಂಗಾಗಲ್ಲ ಅಂದ್ರು."

ಪಕ್ಕದ ಮೇಜಿನವರು ಎದ್ದು ಹೋಗುತ್ತಿದ್ದರು. ಅವರ ಕುರ್ಚಿಗಳೂ ಸದ್ದು ಮಾಡಿದವು, ಅವರು ತಿರುಗಿ ನೋಡಲಿಲ್ಲ. ಯುವರಾಜ್ ತನ್ನ ಮುಖವನ್ನು ಒಳಗಿನಿಂದ ಹುಡುಕಿದ. ಹೇಗಾಗುತ್ತಿತ್ತು? ಔಷಧದ ಅಂಗಡಿಯ ಹಿಂದಿನಿಂದ ಮಾತ್ರೆಯ ಹಾಳೆ ಹಿಡಿದುಕೊಂಡು ಆಟೋ ಕಡೆಗೆ ನಡೆದುಬರುವಾಗ ಇದ್ದ ಮುಖವೇ ಅದು ಇರಬೇಕು. ಅದನ್ನು ತಾಯಿ ನೋಡಿದ್ದಳು, ರಾಧಾಮಣಿ ದಿನವೂ ನೋಡಿದ್ದಳು. ಕಾಣದೆ ಇದ್ದವನು ತಾನೊಬ್ಬನೇ. ಜಗಳವಾಡಿದ್ದರೆ ಆಗುತ್ತಿತ್ತು. ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿ, ತಿನ್ನಿ, ಇಲ್ಲವೆಂದರೆ ನಿಮ್ಮ ಓನರಿಗೆ ಹೋಗಿ ಹೇಳಿ ಎಂದಿದ್ದರೆ. ಅವನು ಕೂಗಾಡುತ್ತಿದ್ದ, ಆಮೇಲೆ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದ, ತಿಂದು ಬೆರಳು ಮೂಸುತ್ತಿದ್ದ. ಅಷ್ಟು ಸಣ್ಣ ಜಗಳ. ಅದನ್ನು ಕೂಡ ಅವಳು ಅವನ ಮೇಲಿನ ಕನಿಕರದಿಂದ ಬಿಟ್ಟುಕೊಟ್ಟಿದ್ದಳು, ಒಂದು ರಾತ್ರಿ ತಲೆಯಲ್ಲಿ ರಕ್ತನಾಳ ಒಡೆದು ನಿದ್ದೆಯಲ್ಲೇ ಹೋಗುವವರೆಗೂ.

ಅವನ ಕೈ ಮುಂದಕ್ಕೆ ಹೋಯಿತು. ಚಾಕು ಫೋರ್ಕು ಇದ್ದವು, ಬಿಳಿ ಕರವಸ್ತ್ರದಲ್ಲಿ ಸುತ್ತಿಟ್ಟ ಹಾಗೆಯೇ. ಅವನು ಬರಿಗೈಯಿಂದ ಚರ್ಮದ ಒಂದು ಬಿರುಕನ್ನು ಹಿಡಿದು ಎಳೆದ. ಅದು ಹಪ್ಪಳದಂತೆ ಮುರಿದು ಬಂತು, ಕೆಳಗಿನ ಮಾಂಸ ಎಳೆಎಳೆಯಾಗಿ ಜೊತೆಗೆ ಬಂತು.

"ಅಣ್ಣಾ, ಎಡೆಗೆ" ಎಂದಳು ಗಂಗಾಂಬಿಕಾ.

ಅವನಿಗೆ ಕೇಳಿಸಿತು. ಬಾಯಲ್ಲಿಟ್ಟುಕೊಂಡ. ಉಪ್ಪು ಹೆಚ್ಚು, ಖಾರವಿಲ್ಲ, ರಾಧಾ ಹೇಳಿದ್ದು ಸರಿ. ಇನ್ನೊಂದು ತುಂಡು ಎಳೆದ. ಒಂದು ತುಂಡಿಗೆ ಎಂಜಲಾಯಿತು, ಇನ್ನು ಇದು ಯಾವ ಎಲೆಗೂ ಹೋಗುವಂತಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಅಳು ಬರುತ್ತದೆಂದು ಅವನು ಅಂದುಕೊಂಡಿದ್ದ, ಬಂದದ್ದು ಹಸಿವು. ಹೊಟ್ಟೆಯ ತಳದಿಂದ, ಹೆಂಡತಿ ಸತ್ತ ದುಃಖಕ್ಕಿಂತ ಹಳೆಯ, ನಾಚಿಕೆಯಿಲ್ಲದ ಹಸಿವು. ಕೊಬ್ಬು ಮಣಿಕಟ್ಟಿಗೆ ಇಳಿಯಿತು, ಇಸ್ತ್ರಿಯ ಅಂಗಿಯ ತೋಳಿಗೆ ತಾಗಿತು. ಹುಳಿ ಎಲೆಕೋಸನ್ನು ಬೆರಳಲ್ಲಿ ಬಳಿದು ತಿಂದ. ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಸಂದಿನ ಮೆತ್ತನೆಯದನ್ನು ಹಲ್ಲಿನಿಂದ ಎಳೆದ. ನಡುವೆ ಎಲ್ಲೋ ಕಣ್ಣಿನಿಂದ ನೀರು ಇಳಿಯಲು ಶುರುವಾಗಿತ್ತು, ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗಂಗಾಂಬಿಕಾ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹಿಂದೆ ಸರಿಯದೆ, ಎದುರಿಗೇ ಕೂತಿದ್ದಳು. ಒಮ್ಮೆ ಬಡಿಸುವವನು ಹತ್ತಿರ ಬರುತ್ತಿದ್ದುದನ್ನು ಕಂಡು ಕೈಯಿಂದಲೇ ಬೇಡವೆಂದಳು. ಖಾಲಿ ಡಬ್ಬಿ ಹಾಗೆಯೇ ಬಾಯಿ ತೆರೆದುಕೊಂಡಿತ್ತು.

ಮೇಜಿನ ಮೇಲಿದ್ದ ಅವನ ಫೋನು ಅದುರಿತು. ಅಮ್ಮ ಎಂದು ಬರುತ್ತಿತ್ತು. ಅವನು ಜಿಡ್ಡಿನ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ನೋಡಿದ. ಗಂಗಾಂಬಿಕಾ ಎದ್ದು ಈ ಕಡೆ ಬಂದು, ಫೋನು ಎತ್ತಿ, ಅವನ ಕಿವಿಗೆ ಹಿಡಿದಳು.

ಬಾಳೆಯೆಲೆ ಸಿಕ್ಕಿತು ಎಂದು ದಾಸಮ್ಮ ಹೇಳುತ್ತಿದ್ದಳು. ತಮ್ಮ ಪಾವಗಡದಿಂದ ಎರಡು ಎಲೆ ತಂದಿದ್ದಾನೆ, ಚೆನ್ನಾಗಿವೆ, ಸೀಳಿಲ್ಲ. ನಾಳೆ ಮೊದಲ ಬಸ್ಸಿಗೇ ಹೊರಡು, ಮಧ್ಯಾಹ್ನ ದಾಟಬಾರದು. ಆಮೇಲೆ ಕೇಳಿದಳು:

"ಆಯಮ್ಮಂದು ತಗಂಡ್ಯಾ?"

"ತಪ್ಪಾಗ್ಬಿಡ್ತಮ್ಮ" ಎಂದ. "ಸಿಕ್ತು. ಒಂದೇ ಇತ್ತು. ನಾನೇ ತಿಂದ್ಬುಟ್ಟೆ."

ಆ ಕಡೆ ತಮ್ಮನ ಮನೆಯ ಟೀವಿ ಕೇಳಿಸುತ್ತಿತ್ತು. ಯಾರೋ ಅದರ ದನಿ ತಗ್ಗಿಸಿದರು. ಬೈಗುಳ ಬರುತ್ತದೆಂದು ಅವನು ಕಾದ, ಅದು ಬಂದರೆ ಸಾಕಾಗಿತ್ತು. ಗಂಗಾಂಬಿಕಾ ಹಿಡಿದ ಫೋನು ಅವನ ಕೆನ್ನೆಗೆ ತಾಗಿತು.

"ಅಷ್ಟು ಹಸ್ದಿತ್ತಾ ನಾಯ್ನಾ?" ಎಂದಳು ದಾಸಮ್ಮ.

ಅವನು ಹೂಂ ಎಂದ.